ಟಾಪ್ ಎಂಡ್ ಬೇಕೇ, ಮಿಡ್ ಸಾಕೇ? ಘಟ್ಟ ಹತ್ತಿ ಇಳಿಯುವ ಮನೆಗೆ ಕಾರಿನ ವೇರಿಯಂಟ್ ಲೆಕ್ಕ

ಪ್ರಶ್ನೆ: ನಾವು ಕುಮಟಾದವರು. ಮನೆಯಿಂದ ಸಮುದ್ರ ಒಂದು ಕಿಲೋಮೀಟರ್ ಕೂಡ ಇಲ್ಲ. ಶಿರಸಿ ಕಡೆ ಮೂಲಮನೆ, ಅಡಿಕೆ ತೋಟ ಇದೆ; ವಾರಕ್ಕೊಮ್ಮೆ ದೇವಿಮನೆ ಘಟ್ಟ ಹತ್ತಿ ಇಳಿಯಬೇಕು. 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಎಸ್‌ಯುವಿ ನೋಡಿದ್ದೇವೆ. ಮಿಡ್ ವೇರಿಯಂಟ್ ಎಕ್ಸ್ ಶೋರೂಂ 9.60 ಲಕ್ಷ, ಟಾಪ್ ಎಂಡ್ 11.20 ಲಕ್ಷ. "ಒಂದೂವರೆ ಲಕ್ಷ ಹೆಚ್ಚಿಗೆ ಹಾಕಿದ್ರೆ ಸನ್‌ರೂಫ್, 360 ಡಿಗ್ರಿ ಕ್ಯಾಮೆರಾ, ಅಲಾಯ್, ದೊಡ್ಡ ಸ್ಕ್ರೀನ್ ಎಲ್ಲಾ ಬರ್ತದೆ, ಟಾಪೇ ತಗೊಳ್ಳಿ" ಎಂದು ಶೋರೂಮಿನವರು ಹೇಳುತ್ತಿದ್ದಾರೆ. ನಮ್ಮ ಮನೆಯವರೂ ಓಡಿಸುವುದರಿಂದ ಎಎಂಟಿ (ಕ್ಲಚ್ ಒತ್ತದೆ ತಾನೇ ಬದಲಾಗುವ) ಗೇರಿನ ಯೋಚನೆಯೂ ಇದೆ. ಅದಕ್ಕೆ 50 ಸಾವಿರ ಹೆಚ್ಚು. ಆಯಿಗೆ ಮಂಡಿನೋವು. ಆನ್‌ರೋಡ್ 12 ಲಕ್ಷದೊಳಗೆ ಮುಗಿಯಬೇಕು. ಯಾವುದು ತೆಗೆದುಕೊಳ್ಳಲಿ?

ಉತ್ತರ: ಮಿಡ್ ವೇರಿಯಂಟ್, ಮ್ಯಾನುಯಲ್ ಗೇರ್ ತೆಗೆದುಕೊಳ್ಳಿ. ಆದರೆ ಆ ಮಿಡ್ ವೇರಿಯಂಟಿನಲ್ಲಿ ಮೂರು ವಸ್ತು ಇರಲೇಬೇಕು: ಆರು ಏರ್‌ಬ್ಯಾಗ್, ಇಎಸ್‌ಸಿ (ಕಾರು ಅಡ್ಡ ಜಾರದಂತೆ ತಡೆಯುವ ವ್ಯವಸ್ಥೆ), ಹಿಂದಿನ ಗಾಜಿಗೆ ವೈಪರ್ ಮತ್ತು ಡಿಫಾಗರ್ (ಗಾಜಿನ ಮಂಜು ಕಳೆಯುವ ಬಿಸಿ ಗೆರೆಗಳು). ಇವುಗಳಲ್ಲಿ ಒಂದು ಇಲ್ಲದಿದ್ದರೂ ಟಾಪ್ ಎಂಡಿಗೆ ಏರಬೇಡಿ. ಅದೇ ಬೆಲೆಯಲ್ಲಿ ಇವನ್ನು ಕೊಡುವ ಬೇರೆ ಕಾರು ನೋಡಿ. ಕಾರಣ ವಿವರವಾಗಿ ಹೇಳುತ್ತೇನೆ. ಮೊದಲು ದುಡ್ಡಿನ ವಿಷಯ, ಏಕೆಂದರೆ ಶೋರೂಮಿನವರು ಹೇಳಿದ "ಒಂದೂವರೆ ಲಕ್ಷ" ನಿಮ್ಮ ಕಿಸೆಯಿಂದ ಹೋಗುವ ಮೊತ್ತವಲ್ಲ.

ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಜೀವಾವಧಿ ತೆರಿಗೆ ಬೆಲೆಗೆ ತಕ್ಕಂತೆ ಏರುತ್ತದೆ. 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದಕ್ಕೂ ಮೇಲೆ ಶೇ 18. ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಹಾಗಾಗಿ ಹತ್ತು ಲಕ್ಷದ ಕೆಳಗಿನ ಕಾರಿಗೆ ನಿಜವಾಗಿ ಬೀಳುವುದು ಶೇ 15.54, ಹತ್ತು ದಾಟಿದರೆ ಶೇ 18.87. ಆದಾಯ ತೆರಿಗೆಯಲ್ಲಿ ಗೆರೆ ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ ಹತ್ತುತ್ತದೆ. ಕಾರಿನಲ್ಲಿ ಹಾಗಿಲ್ಲ, ಪೂರ್ತಿ ಬೆಲೆಗೇ ಹೊಸ ದರ.

ನಿಮ್ಮ ಅಂಕಿಗಳನ್ನೇ ಹಾಕಿ ನೋಡೋಣ. 9.60 ಲಕ್ಷಕ್ಕೆ ತೆರಿಗೆ ಸುಮಾರು 1,49,200 ರೂಪಾಯಿ. 11.20 ಲಕ್ಷಕ್ಕೆ ಸುಮಾರು 2,11,300. ವ್ಯತ್ಯಾಸವೇ 62 ಸಾವಿರ. ವಿಮೆಯೂ ಬೆಲೆಗೆ ತಕ್ಕಂತೆ ಒಂದೈದು ಸಾವಿರ ಏರುತ್ತದೆ. 10 ಲಕ್ಷ ದಾಟಿದ ಕಾರಿಗೆ ಶೇ 1 ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ) ಬೇರೆ, ಅಂದರೆ 11 ಸಾವಿರ. ಇದನ್ನು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಆದರೆ ಖರೀದಿಯ ದಿನ ಕೈಯಿಂದ ಕೊಡಲೇಬೇಕು. ಟಿಸಿಎಸ್ ಬಿಟ್ಟು ಲೆಕ್ಕ ಹಾಕಿದರೂ ಎರಡು ವೇರಿಯಂಟಿನ ನಡುವಿನ ಅಂತರ ಸುಮಾರು 2.3 ಲಕ್ಷ. ಅಷ್ಟನ್ನು ಶೇ 9 ಬಡ್ಡಿಯಲ್ಲಿ ಏಳು ವರ್ಷದ ಸಾಲವಾಗಿ ಪಡೆದರೆ ತಿಂಗಳಿಗೆ 3,700 ರೂಪಾಯಿಯಂತೆ ಒಟ್ಟು 3.1 ಲಕ್ಷ ಕಟ್ಟುತ್ತೀರಿ. ಸನ್‌ರೂಫ್ ಮತ್ತು ಸ್ಕ್ರೀನಿನ ಬೆಲೆ ಇದು. ಮಿಡ್ ವೇರಿಯಂಟ್ ವಿಮೆ, ನೋಂದಣಿ, ಫಾಸ್ಟ್ಯಾಗ್ ಎಲ್ಲ ಸೇರಿ 11.6 ಲಕ್ಷದ ಆಸುಪಾಸಿಗೆ ನಿಲ್ಲುತ್ತದೆ. ಟಾಪ್ ಎಂಡ್ 14 ಲಕ್ಷದ ಹತ್ತಿರ ಹೋಗುತ್ತದೆ. ನಿಮ್ಮ 12 ಲಕ್ಷದ ಮಿತಿಗೆ ಅದು ಬಗ್ಗುವುದೇ ಇಲ್ಲ.

ಇದೇ ಹತ್ತು ಲಕ್ಷದ ಗೆರೆ ಎಎಂಟಿಯ ಲೆಕ್ಕವನ್ನೂ ತಪ್ಪಿಸುತ್ತದೆ. 9.60ಕ್ಕೆ 50 ಸಾವಿರ ಸೇರಿದರೆ 10.10 ಲಕ್ಷ. ತೆರಿಗೆ 1,49,200ರಿಂದ 1,90,600ಕ್ಕೆ ಜಿಗಿಯುತ್ತದೆ. 50 ಸಾವಿರದ ಎಎಂಟಿ ನಿಮಗೆ 91 ಸಾವಿರಕ್ಕೆ ಬೀಳುತ್ತದೆ. ಬಣ್ಣದಲ್ಲೂ ಇಂಥದ್ದೇ ಆಗುವುದುಂಟು. ಎಕ್ಸ್ ಶೋರೂಂ 9.90 ಲಕ್ಷದ ಕಾರಿಗೆ ಕಪ್ಪು ಚಾವಣಿಯ ಡ್ಯುಯಲ್ ಟೋನ್ ಬಣ್ಣ 15 ಸಾವಿರ ಹೆಚ್ಚೆಂದು ಆರಿಸಿದರೆ ಬೆಲೆ 10.05 ಲಕ್ಷವಾಗಿ ತೆರಿಗೆ 35 ಸಾವಿರದಷ್ಟು ಏರುತ್ತದೆ. ಕೊಟೇಶನ್ ಕೈಗೆ ಬಂದಾಗ ಎಕ್ಸ್ ಶೋರೂಂ ಸಾಲು 9.8ರಿಂದ 10.3ರ ನಡುವೆ ಇದ್ದರೆ ಅಲ್ಲೇ ನಿಂತು, ಗೆರೆಯ ಕೆಳಗಿರಲು ಏನು ಬಿಡಬಹುದು ಎಂದು ನೋಡಿ. ಡೀಲರ್ ಅಂಗಡಿಯಲ್ಲಿ ಆಮೇಲೆ ಹಾಕಿಸುವ ಪರಿಕರಗಳು ಎಕ್ಸ್ ಶೋರೂಂ ಬೆಲೆಗೆ ಸೇರುವುದಿಲ್ಲವಾದ್ದರಿಂದ ಅವುಗಳ ಮೇಲೆ ಈ ತೆರಿಗೆ ಇಲ್ಲ.

ಕಾರವಾರ, ಅಂಕೋಲಾ ಕಡೆಯವರು ಗೋವಾದಲ್ಲಿ ಕೊಂಡರೆ ಉಳಿತಾಯವೇ ಎಂದು ಕೇಳುತ್ತಾರೆ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಕುಮಟಾದ ವಿಳಾಸದವರು ಕಾರು ಎಲ್ಲಿ ಕೊಂಡರೂ ನೋಂದಣಿ ಕರ್ನಾಟಕದಲ್ಲೇ ಆಗಬೇಕು, ತೆರಿಗೆಯೂ ಕರ್ನಾಟಕದ್ದೇ. ಹೊರಗಿನ ಡೀಲರ್ ರಿಯಾಯಿತಿ ಹೆಚ್ಚು ಕೊಟ್ಟರೆ ಮಾತ್ರ ಲಾಭ.

ಇನ್ನು ಕಾರಿನ ವಿಷಯ. ಬಹಳ ಮಂದಿ ವೇರಿಯಂಟ್ ಆರಿಸಿ, ಆಮೇಲೆ ಅದರಲ್ಲಿ ಸಿಗುವ ಎಂಜಿನ್ ಒಪ್ಪಿಕೊಳ್ಳುತ್ತಾರೆ. ಘಟ್ಟದ ಮೇಲೆ ಕೆಳಗೆ ಓಡಾಡುವವರು ಇದನ್ನು ತಿರುಗಿಸಬೇಕು: ಮೊದಲು ಎಂಜಿನ್ ಮತ್ತು ಗೇರ್, ನಂತರ ಸುರಕ್ಷತೆ, ನಂತರ ಮಳೆಗೆ ಬೇಕಾದ್ದು. ಉಳಿದದ್ದು ಆಮೇಲೆ. ಇವುಗಳಲ್ಲಿ ಮೊದಲ ಎರಡನ್ನು ಯಾವ ಗ್ಯಾರೇಜಿನಲ್ಲೂ ನಂತರ ಹಾಕಿಸಲು ಬರುವುದಿಲ್ಲ.

1.2 ಲೀಟರಿನ ಸಾಧಾರಣ ಪೆಟ್ರೋಲ್ ಎಂಜಿನ್ ಸುಮಾರು 83ರಿಂದ 90 ಅಶ್ವಶಕ್ತಿ, 115 ನ್ಯೂಟನ್ ಮೀಟರ್‌ನಷ್ಟು ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಒಂದು ಲೀಟರಿನ, ಒಳಗೆ ಹೆಚ್ಚು ಗಾಳಿ ಊದುವ ಟರ್ಬೊ ಎಂಜಿನ್‌ಗಳಲ್ಲಿ ಟಾರ್ಕ್ 150ರಿಂದ 170ರವರೆಗೆ ಹೋಗುತ್ತದೆ. ಘಟ್ಟಕ್ಕೆ ಟರ್ಬೊವೇ ಬೇಕು ಎಂಬ ಮಾತು ಇದರಿಂದಲೇ ಹುಟ್ಟಿದ್ದು. ಲೆಕ್ಕ ಹಾಕಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ನಾಲ್ಕೈದು ಜನ, ಸಾಮಾನು ಸೇರಿ ಕಾರು 1550 ಕಿಲೋ ತೂಗುತ್ತದೆ ಅನ್ನಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಹತ್ತಲು ಏರಿಗೆಂದು ಬೇಕಾಗುವುದು 18 ಅಶ್ವಶಕ್ತಿಯಷ್ಟೇ. ಶಕ್ತಿಯ ಕೊರತೆ ಎಲ್ಲೂ ಇಲ್ಲ. ತೊಂದರೆ ಬರುವುದು ಹೇರ್‌ಪಿನ್ ತಿರುವಿನಲ್ಲಿ. ಎದುರಿಂದ ಲಾರಿ ಬಂತೆಂದು ವೇಗ 15ಕ್ಕೆ ಇಳಿಯುತ್ತದೆ, ಗೇರ್ ಎರಡನೆಯದರಲ್ಲೇ ಇರುತ್ತದೆ. ಎಂಜಿನ್ನಿನ ಸುತ್ತು ನಿಮಿಷಕ್ಕೆ ಸಾವಿರದ ಆಸುಪಾಸಿಗೆ ಬೀಳುತ್ತದೆ. ಅಲ್ಲಿ ಸಾಧಾರಣ ಎಂಜಿನ್ ಸುಸ್ತಾಗುತ್ತದೆ. ಸಣ್ಣ ಟರ್ಬೊ ಕೂಡ ಸುಸ್ತಾಗುತ್ತದೆ, ಏಕೆಂದರೆ ಸುತ್ತು 1500 ದಾಟದೆ ಟರ್ಬೊ ಸರಿಯಾಗಿ ಊದುವುದಿಲ್ಲ. ಎರಡಕ್ಕೂ ಮದ್ದು ಒಂದೇ: ತಿರುವಿಗೆ ಮೊದಲೇ ಮೊದಲ ಗೇರಿಗೆ ಇಳಿಸುವುದು. ಟರ್ಬೊದ ನಿಜವಾದ ಲಾಭ ತಿರುವು ಕಳೆದ ಮೇಲೆ, ನೇರ ಏರಿನಲ್ಲಿ ಲಾರಿ ಹಿಂದೆ ಹಾಕುವಾಗ.

ವಾರಕ್ಕೊಮ್ಮೆ ಹತ್ತುವ ನಿಮಗೆ 1.2 ಸಾಲುತ್ತದೆ, ಗೇರ್ ಇಳಿಸಿ ಎಂಜಿನ್ ಕೂಗಿಸಲು ಹಿಂಜರಿಯದಿದ್ದರೆ. ಸುತ್ತು 3500ಕ್ಕೆ ಹೋದರೆ ಎಂಜಿನ್ನಿಗೆ ಏನೂ ಆಗುವುದಿಲ್ಲ. 1200ರಲ್ಲಿ ಪೆಡಲ್ ಪೂರ್ತಿ ಒತ್ತಿ ಎಳೆಸಿದರೆ ಆಗುತ್ತದೆ. ದಿನವೂ ಶಿರಸಿ-ಕುಮಟಾ ಓಡಾಡುವವರಿಗಾದರೆ, ಸದಾ ಐದು ಜನ ತುಂಬಿರುವ ಕಾರಾದರೆ, ನನ್ನ ಸಲಹೆ ಬೇರೆ ಇರುತ್ತಿತ್ತು: ಟಾಪ್ ಎಂಡಿಗೆ ಹೋಗುವ ದುಡ್ಡಿನಲ್ಲಿ ಕೆಳಗಿನ ವೇರಿಯಂಟಿನ ಟರ್ಬೊ. ಎಂಜಿನ್ನಿಗೆ ಹಾಕಿದ ದುಡ್ಡು ಪ್ರತಿ ಏರಿನಲ್ಲೂ ಕೆಲಸಕ್ಕೆ ಬರುತ್ತದೆ.

ಟೆಸ್ಟ್ ಡ್ರೈವ್ ವಿಷಯದಲ್ಲಿ ಎಚ್ಚರ ಬೇಕು. ಶೋರೂಮಿನಲ್ಲಿ ಓಡಿಸಲು ಕೊಡುವ ಕಾರು ಸಾಮಾನ್ಯವಾಗಿ ಟಾಪ್ ಎಂಡ್. ಅದರ ಟೈರ್, ಸೀಟು, ಹೆಡ್‌ಲೈಟ್, ಕೆಲವೊಮ್ಮೆ ಎಂಜಿನ್ ಕೂಡ ನೀವು ಕೊಳ್ಳುವ ಕಾರಿನದಲ್ಲ. ನಿಮ್ಮದೇ ವೇರಿಯಂಟ್ ಓಡಿಸಲು ಕೇಳಿ. ಇಲ್ಲವೆಂದರೆ ಸ್ಟಾಕ್‌ಯಾರ್ಡಿನಲ್ಲಿ ನಿಂತಿರುವ ಆ ವೇರಿಯಂಟಿನ ಒಳಗೆ ಕೂತಾದರೂ ನೋಡಿ. ಓಡಿಸುವಾಗ ಒಬ್ಬರೇ ಹೋಗಬೇಡಿ, ನಾಲ್ಕು ಜನ ಕೂರಿ. ಹೈವೇ 66ರ ಸಮತಟ್ಟು ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗಿ ಓಡುತ್ತದೆ. ಏರಿನ ನಡುವೆ ನಿಲ್ಲಿಸಿ, ಎಸಿ ಹಾಕಿಕೊಂಡೇ ಹೊರಡಿಸಿ. ಕ್ಲಚ್ ವಾಸನೆ ಬಾರದೆ, ಹಿಂದಕ್ಕೆ ಜಾರದೆ ಹೊರಟರೆ ಸರಿ.

ಎಎಂಟಿ ಎಂದರೆ ಅದೇ ಮ್ಯಾನುಯಲ್ ಗೇರ್‌ಬಾಕ್ಸ್, ಅದೇ ಕ್ಲಚ್. ಒತ್ತುವ ಮತ್ತು ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಕುಮಟಾ, ಹೊನ್ನಾವರದ ಪೇಟೆಯೊಳಗೆ ಇದು ಆರಾಮ. ಘಟ್ಟದಲ್ಲಿ ಮೂರು ಕಡೆ ಕೈಕೊಡುತ್ತದೆ. ತಿರುವಿನಲ್ಲಿ ನೀವು ಆಕ್ಸಿಲರೇಟರ್ ಬಿಟ್ಟ ಕೂಡಲೇ ಅದು ಮೇಲಿನ ಗೇರಿಗೆ ಏರುತ್ತದೆ, ತಿರುವು ಮುಗಿದು ಒತ್ತಿದಾಗ ಮತ್ತೆ ಇಳಿಸಲು ಒಂದು ಕ್ಷಣ ತಡೆಯುತ್ತದೆ, ಆ ಕ್ಷಣ ಕಾರಿಗೆ ಎಳೆತ ಇರುವುದಿಲ್ಲ. ಏರಿನಲ್ಲಿ ವಾಹನಗಳ ಸಾಲು ನಿಂತಾಗ ಬ್ರೇಕ್ ಒತ್ತದೆ ಆಕ್ಸಿಲರೇಟರಿನಲ್ಲೇ ಕಾರನ್ನು ತಡೆದು ನಿಲ್ಲಿಸಿದರೆ ಹಾಫ್ ಕ್ಲಚ್ಚಿನಲ್ಲಿ ಪ್ಲೇಟ್ ಸುಟ್ಟುಹೋಗುತ್ತದೆ. ಇಳಿಜಾರಿನಲ್ಲಿ ಡ್ರೈವ್ ಮೋಡಿನಲ್ಲೇ ಬಿಟ್ಟರೆ ಮೇಲಿನ ಗೇರಿಗೆ ಹೋಗಿ ಎಂಜಿನ್ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮೂರಕ್ಕೂ ಪರಿಹಾರ ಇದೆ: ಘಟ್ಟ ಶುರುವಾಗುವಲ್ಲೇ ಮ್ಯಾನುಯಲ್ ಮೋಡಿಗೆ ಹಾಕಿ ಎರಡು ಅಥವಾ ಮೂರನೆಯ ಗೇರಿನಲ್ಲಿ ಹಿಡಿಯುವುದು, ನಿಂತಾಗ ಬ್ರೇಕ್ ಒತ್ತಿಯೇ ನಿಲ್ಲುವುದು. ಮನೆಯವರಿಗೆ ಕ್ಲಚ್ ಒತ್ತಲು ನಿಜವಾಗಿ ಕಷ್ಟವಾಗುತ್ತಿದ್ದರೆ ಎಎಂಟಿ ತೆಗೆದುಕೊಳ್ಳಿ, ಆದರೆ ಒಂದು ಮೆಟ್ಟಿಲು ಕೆಳಗಿನ ವೇರಿಯಂಟಿನಲ್ಲಿ, ಹತ್ತು ಲಕ್ಷದ ಒಳಗೇ ಇರುವಂತೆ. ಆಗ ಹಿಲ್ ಹೋಲ್ಡ್ ಇದೆಯೇ ನೋಡಲೇಬೇಕು. ಬ್ರೇಕಿನಿಂದ ಕಾಲು ತೆಗೆದ ಮೇಲೂ ಒಂದೆರಡು ಸೆಕೆಂಡ್ ಕಾರನ್ನು ಜಾರದಂತೆ ಹಿಡಿಯುವುದು ಅದು.

ಸುರಕ್ಷತೆಯಲ್ಲಿ ಕಾನೂನು ಕೊಡುವುದು ಕನಿಷ್ಠ ಮಾತ್ರ. ಎಬಿಎಸ್, ಮುಂದಿನ ಎರಡು ಏರ್‌ಬ್ಯಾಗ್, ಹಿಂದಿನ ಪಾರ್ಕಿಂಗ್ ಸೆನ್ಸರ್, ವೇಗದ ಎಚ್ಚರಿಕೆ ಇವು ಬೇಸ್ ಮಾಡೆಲಿನಲ್ಲೂ ಇರಲೇಬೇಕು. ಇವನ್ನೇ ದೊಡ್ಡ ಸೌಲಭ್ಯವೆಂದು ಪಟ್ಟಿ ಮಾಡಿ ತೋರಿಸಿದರೆ ಮರುಳಾಗಬೇಡಿ. ಆರು ಏರ್‌ಬ್ಯಾಗನ್ನು ಈಗ ಹಲವು ಕಂಪನಿಗಳು ಬೇಸ್‌ನಿಂದಲೇ ಕೊಡುತ್ತಿವೆ. ನಮ್ಮ ರಸ್ತೆಗೆ ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಇಎಸ್‌ಸಿ. ಎಬಿಎಸ್ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಕಾರು ಸ್ಟೀರಿಂಗ್ ಹೇಳಿದ ದಿಕ್ಕು ಬಿಟ್ಟು ಅಡ್ಡ ಜಾರಲು ಶುರುಮಾಡಿದರೆ ಅದನ್ನು ಗುರುತಿಸಿ, ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುವುದು ಇಎಸ್‌ಸಿ. ಜೂನ್ ಮೊದಲ ಮಳೆಗೆ ಧರೆಯ ಕೆಂಪು ಮಣ್ಣು ರಸ್ತೆಗೆ ಇಳಿದು, ಮೇಲೆ ದರಕು (ಒಣ ಎಲೆ) ಬಿದ್ದು ತೊಯ್ದಿರುವ ತಿರುವಿನಲ್ಲಿ ಇದಕ್ಕಿಂತ ಉಪಯೋಗದ ವಸ್ತು ಕಾರಿನಲ್ಲಿ ಬೇರೊಂದಿಲ್ಲ. ಟೈರ್ ಸವೆದಿದ್ದರೆ ಮಾತ್ರ ಅದೂ ಏನೂ ಮಾಡಲಾರದು.

2023ರ ಅಕ್ಟೋಬರಿನಿಂದ ನಮ್ಮಲ್ಲೇ ಕಾರನ್ನು ಡಿಕ್ಕಿ ಹೊಡೆಸಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಇದೆ. ಸ್ಟಾರ್ ಎಷ್ಟು ಎಂದಷ್ಟೇ ಕೇಳದೆ, ಆ ವರದಿ ಯಾವ ಯಾವ ವೇರಿಯಂಟಿಗೆ ಅನ್ವಯ ಎಂಬ ಸಾಲನ್ನೂ ಓದಿ. ಐದು ಸ್ಟಾರ್ ಎಂದು ಜಾಹೀರಾತಿನಲ್ಲಿ ಕಂಡದ್ದು ನಿಮ್ಮ ವೇರಿಯಂಟಿಗೆ ಸಿಕ್ಕಿರಬೇಕು. ಮಕ್ಕಳ ಸೀಟು ಕಟ್ಟುವವರಾದರೆ ಹಿಂದಿನ ಸೀಟಿನಲ್ಲಿ ಐಸೊಫಿಕ್ಸ್ ಕೊಂಡಿ, ನಡುವೆ ಕೂರುವವರಿಗೂ ಮೂರು ಬಿಂದುವಿನ ಬೆಲ್ಟ್ ಇದೆಯೇ ನೋಡಿ.

ಮಳೆಯ ಬಗ್ಗೆ ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಕಾರು ಒದ್ದೆಯೇ. ಎಸ್‌ಯುವಿ, ಹ್ಯಾಚ್‌ಬ್ಯಾಕ್‌ಗಳ ಹಿಂಬದಿ ನೆಟ್ಟಗೆ ನಿಂತಿರುತ್ತದೆ. ಓಡುವಾಗ ಅದರ ಹಿಂದೆ ಗಾಳಿ ಸುಳಿಯಾಗಿ ತಿರುಗಿ, ಚಕ್ರ ಎಬ್ಬಿಸಿದ ಕೆಸರುನೀರನ್ನು ಗಾಜಿಗೆ ಎರಚುತ್ತದೆ. ಸೆಡಾನಿನ ಇಳಿಜಾರು ಗಾಜಿಗೆ ಈ ಕಾಟ ಇಲ್ಲ. ಹಾಗಾಗಿ ನಿಮ್ಮ ಕಾರಿಗೆ ಹಿಂದಿನ ವೈಪರ್ ಬೇಕೇ ಬೇಕು. ಕೆಲವು ಮಿಡ್ ವೇರಿಯಂಟಿನಲ್ಲಿ ಡಿಫಾಗರ್ ಕೊಟ್ಟು ವೈಪರ್ ಬಿಟ್ಟಿರುತ್ತಾರೆ. ಆಮೇಲೆ ಹಾಕಿಸಿಕೊಳ್ಳೋಣ ಎಂದುಕೊಳ್ಳಬೇಡಿ: ಮೋಟಾರು, ಮುಂದಿನ ಟ್ಯಾಂಕಿನಿಂದ ಹಿಂದಿನವರೆಗೆ ನೀರಿನ ಕೊಳವೆ, ವೈರಿಂಗ್, ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಕಡ್ಡಿ, ಕೆಲವು ಕಾರುಗಳಲ್ಲಿ ತೂತಿರುವ ಬೇರೆ ಗಾಜು ಎಲ್ಲವೂ ಬೇಕಾಗುತ್ತದೆ. ಡಿಫಾಗರಿನ ಗೆರೆಗಳಂತೂ ಗಾಜಿನ ಮೇಲೇ ಅಚ್ಚಾಗಿ ಬರುತ್ತವೆ.

ಫಾಗ್ ಲ್ಯಾಂಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅದೊಂದಕ್ಕಾಗಿ ಮೇಲಿನ ವೇರಿಯಂಟ್ ಬೇಡ. ಬಂಪರಿನಲ್ಲಿ ಜಾಗ ಬಿಟ್ಟು ಮುಚ್ಚಳ ಹಾಕಿರುವ ಕಾರಿಗೆ ಕಂಪನಿಯದೇ ಕಿಟ್ ಸಿಗುತ್ತದೆ, ಕಪ್ಲರ್ ಸಿಕ್ಕಿಸಿದರೆ ಆಯಿತು. ವೈರ್ ಕತ್ತರಿಸಿ ಜೋಡಿಸುವವರ ಕೈಗೆ ಮಾತ್ರ ಕೊಡಬೇಡಿ, ವೈರಿಂಗಿನ ವಾರಂಟಿ ಅಲ್ಲಿಗೆ ಮುಗಿಯಿತು. ಫಾಗ್ ಲ್ಯಾಂಪಿನ ಗುಣ ಇರುವುದು ಅದು ಕೆಳಗಿದ್ದು, ಬೆಳಕನ್ನು ಅಗಲವಾಗಿ ನೆಲದ ಮೇಲೆ ಹಾಸುವುದರಲ್ಲಿ; ಹಳದಿಯೋ ಬಿಳಿಯೋ ಎಂಬುದು ಅಷ್ಟು ಮುಖ್ಯವಲ್ಲ. ಹೆಡ್‌ಲೈಟ್ ಎಲ್‌ಇಡಿ ಇದ್ದರೆ ಬೆಳಕು ಹೆಚ್ಚು, ಸರಿ. ಆದರೆ ಒಡೆದರೆ ಅಥವಾ ಒಳಗೆ ನೀರು ಹೋದರೆ ಪೂರ್ತಿ ಯೂನಿಟ್ಟೇ ಬದಲಿಸಬೇಕು. ಹ್ಯಾಲೋಜನ್ನಿನಲ್ಲಿ ಬಲ್ಬ್ ಬದಲಿಸಿದರೆ ಮುಗಿಯಿತು. ಹ್ಯಾಲೋಜನ್ ಕಾರು ಕೊಂಡು ಅದಕ್ಕೆ 100 ವ್ಯಾಟಿನ ಬಲ್ಬ್ ಹಾಕುವುದು ಕಾನೂನಿಗೂ ವಿರುದ್ಧ, ಹೋಲ್ಡರನ್ನೂ ಕರಗಿಸುತ್ತದೆ.

ಸನ್‌ರೂಫ್ ವಿಷಯದಲ್ಲಿ ಖಡಾಖಂಡಿತವಾಗಿ ಹೇಳುತ್ತೇನೆ: ನಿಮಗೆ ಬೇಡ. ಸನ್‌ರೂಫಿನ ಸುತ್ತಲಿನ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯುವಂತೆ ಮಾಡಿದ್ದೂ ಅಲ್ಲ. ಒಳಗೆ ಬಂದ ನೀರು ಒಂದು ತಟ್ಟೆಗೆ ಬಿದ್ದು, ಅದರ ಮೂಲೆಗಳಿಂದ ಹೊರಡುವ ಸಪೂರ ಕೊಳವೆಗಳ ಮೂಲಕ ಕಂಬಗಳ ಒಳಗೇ ಇಳಿದು ಕೆಳಗೆ ಹೋಗಬೇಕು. ಮಾವು, ಹಲಸಿನ ಅಡಿಯಲ್ಲಿ ಕಾರು ನಿಲ್ಲಿಸುವ ಮನೆಗಳಲ್ಲಿ ಹೂವು, ಎಲೆಚೂರು, ಧೂಳು ಸೇರಿ ಆ ಕೊಳವೆ ಕಟ್ಟುತ್ತದೆ. ಆಗ ನೀರು ಚಾವಣಿಯ ಬಟ್ಟೆಗೆ, ಅಲ್ಲಿಂದ ಮುಂದಿನ ಕಂಬದೊಳಗಿನ ವೈರಿಗೆ, ಕೊನೆಗೆ ಕಾಲಡಿಯ ಕಾರ್ಪೆಟ್ಟಿಗೆ. ಕಾರ್ಪೆಟ್ ಅಡಿಯ ಸ್ಪಂಜು ಒಮ್ಮೆ ನೆನೆದರೆ ಆಷಾಢದಲ್ಲಿ ಒಣಗುವುದೇ ಇಲ್ಲ. ಬೂಷ್ಟು, ವಾಸನೆ, ಅಡಿಯ ತಗಡಿಗೆ ತುಕ್ಕು. ಈಗಾಗಲೇ ಸನ್‌ರೂಫ್ ಇರುವವರು ಮೇ ತಿಂಗಳಲ್ಲಿ ಅದನ್ನು ತೆರೆದು, ಮೂಲೆಯ ತೂತಿಗೆ ಅರ್ಧ ಲೋಟ ನೀರು ನಿಧಾನ ಹೊಯ್ದು, ಅದು ಕಾರಿನ ಕೆಳಗೆ ಬರುತ್ತದೆಯೇ ನೋಡಬೇಕು. ಬಾರದಿದ್ದರೆ ಕಂಪ್ರೆಸರ್ ಗಾಳಿ ಹೊಡೆಸಬೇಡಿ, ಒತ್ತಡಕ್ಕೆ ಕೊಳವೆಯ ತುದಿ ಒಳಗೇ ಕಳಚುತ್ತದೆ. ಮೆದು ನೈಲಾನ್ ದಾರ ಹಾಯಿಸಿ ಬಿಡಿಸಬೇಕು.

ಕಡಲ ಹತ್ತಿರದ ಮನೆಗೆ ತುಕ್ಕಿನ ಚಿಂತೆ ಬೇರೆ. ಡೀಲರುಗಳು ಹೇಳುವ ಅಂಡರ್‌ಬಾಡಿ ಕೋಟಿಂಗಿಗೆ ಕಣ್ಣುಮುಚ್ಚಿ ಹೂಂ ಅನ್ನಬೇಡಿ. ಕಾರ್ಖಾನೆಯಿಂದಲೇ ಅಡಿಭಾಗಕ್ಕೆ ರಕ್ಷಣೆಯ ಲೇಪ ಇರುತ್ತದೆ. ಅದರ ಮೇಲೆ ಮತ್ತೊಂದು ಪದರ ಬಳಿಯುವಾಗ ಬಾಗಿಲಿನ ಅಡಿ, ಸಿಲ್ ಮತ್ತು ಚಾಸಿಯ ನೀರಿಳಿಯುವ ತೂತುಗಳು ಮುಚ್ಚಿದರೆ ಉಪ್ಪುನೀರು ಒಳಗೇ ನಿಂತು, ಕೋಟಿಂಗ್ ಇಲ್ಲದ ಕಾರಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಮಾಡಿಸುವುದೇ ಆದರೆ ಎದುರಿಗೆ ನಿಂತು, ಕಾರು ಲಿಫ್ಟಿನ ಮೇಲಿರುವಾಗಲೇ ತೂತುಗಳಿಗೆ ಟೇಪ್ ಹಾಕಿಸಿ. ಕೋಟಿಂಗಿಗಿಂತ ಹೆಚ್ಚು ಕೆಲಸ ಮಾಡುವುದು ನೀರು: ಹದಿನೈದು ದಿನಕ್ಕೊಮ್ಮೆ ಚಕ್ರದ ಗೂಡಿನೊಳಗೆ, ಅಡಿಭಾಗಕ್ಕೆ ಸಿಹಿನೀರು ಹೊಡೆದು, ಅಂಟಿದ ಕೆಂಪು ಮಣ್ಣು ತೆಗೆಯುವುದು. ಆ ಮಣ್ಣು ಉಪ್ಪಿನ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ನಾಲ್ಕೂ ಚಕ್ರಕ್ಕೆ ಮಡ್‌ಫ್ಲ್ಯಾಪ್ ಹಾಕಿಸಿ; ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಉಪಯೋಗದ ಪರಿಕರ ಇನ್ನೊಂದಿಲ್ಲ. ಬಾಡಿ ಕವರ್ ಮಾತ್ರ ಮಳೆಗಾಲದಲ್ಲಿ ಹೊದಿಸಬೇಡಿ, ತೇವ ಒಳಗೇ ಉಳಿಯುತ್ತದೆ. ಕ್ರೋಮ್ ಪಟ್ಟಿಗಳ ಪ್ಯಾಕ್ ಕಡಲ ಗಾಳಿಗೆ ಎರಡು ವರ್ಷದಲ್ಲಿ ಚುಕ್ಕೆ ಹಿಡಿದು ಕೆಡುತ್ತದೆ.

ಅಲಾಯ್ ಚಕ್ರಕ್ಕೂ ಟಾಪ್ ಎಂಡಿಗೆ ಹೋಗುವ ಕಾರಣವಿಲ್ಲ. ಟೈರ್ ಅಳತೆ ಓದಲು ಕಲಿತರೆ ಇದು ಸ್ಪಷ್ಟವಾಗುತ್ತದೆ. ಉದಾಹರಣೆಗೆ ಸ್ವಿಫ್ಟ್ ಕಾರಿನ ಕೆಳಗಿನ ವೇರಿಯಂಟಿಗೆ 165/80 ಆರ್14, ಮೇಲಿನದಕ್ಕೆ 185/65 ಆರ್15. ಎರಡರ ಒಟ್ಟು ವ್ಯಾಸ ಹೆಚ್ಚುಕಡಿಮೆ ಒಂದೇ, 62 ಸೆಂ.ಮೀ. ಮೊದಲನೆಯದರಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ 132 ಮಿ.ಮೀ. ರಬ್ಬರು, ಎರಡನೆಯದರಲ್ಲಿ 120. ಅಗಲ ಟೈರಿನ ಹಿಡಿತ ತಿರುವಿನಲ್ಲಿ ಉತ್ತಮ, ದಪ್ಪ ಪಕ್ಕೆಯ ಟೈರು ಹೊಂಡದಲ್ಲಿ ಉತ್ತಮ. ಹೊಂಡಕ್ಕೆ ಬಡಿದಾಗ ಕಬ್ಬಿಣದ ರಿಮ್ ಬಗ್ಗುತ್ತದೆ, ತಟ್ಟಿ ನೇರ ಮಾಡಬಹುದು; ಅಲಾಯ್ ಬಿರುಕು ಬಿಟ್ಟರೆ ಬದಲಿಸುವುದೇ ದಾರಿ. ಡಿಕ್ಕಿ ತೆರೆದು ಸ್ಟೆಪ್ನಿ ಇದೆಯೇ, ಯಾವ ಅಳತೆಯದು ಎಂದು ನೋಡಿ. ಕೆಲವು ಕಾರುಗಳಲ್ಲಿ ಸ್ಟೆಪ್ನಿ ಇರುವುದೇ ಇಲ್ಲ, ಪಂಕ್ಚರ್ ಕಿಟ್ ಮಾತ್ರ. ಟೈರಿನ ಪಕ್ಕೆ ಹರಿದರೆ ಆ ಕಿಟ್ ಕೆಲಸಕ್ಕೆ ಬಾರದು. ಜೊಯಿಡಾ, ಯಾಣದ ಕಡೆ ಫೋನಿಗೂ ಸಿಗ್ನಲ್ ಸಿಗದ ಜಾಗದಲ್ಲಿ ಅದನ್ನು ನಂಬಿ ಹೊರಡಬಾರದು.

ನಿಮ್ಮ ತಾಯಿಯವರನ್ನು ಶೋರೂಮಿಗೆ ಕರೆದುಕೊಂಡೇ ಹೋಗಿ. ಮಂಡಿನೋವಿನವರಿಗೆ ಸೀಟು ತೊಡೆಯ ಮಟ್ಟಕ್ಕೆ ಇರಬೇಕು, ಹತ್ತುವುದೂ ಕುಸಿಯುವುದೂ ಎರಡೂ ಆಗಬಾರದು. ಹಿಂದಿನ ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಚಾವಣಿಯಲ್ಲಿ ಹಿಡಿಕೆ ಇದೆಯೇ ನೋಡಿ. ಸೈಡ್ ಸ್ಟೆಪ್ ಹಾಕಿಸಲು ಹೇಳುತ್ತಾರೆ. ಸಣ್ಣ ಎಸ್‌ಯುವಿಗೆ ಅದು ಬೇಡ, ಕಾಲನ್ನು ಇನ್ನೂ ದೂರ ಚಾಚಬೇಕಾಗುತ್ತದೆ. ಚಾಲಕರ ಸೀಟಿನ ಎತ್ತರ ಹೊಂದಿಸುವ ಸನ್ನೆ ಮಿಡ್‌ನಲ್ಲಿ ಇರಲೇಬೇಕು. ಇಬ್ಬರು ಓಡಿಸುವ ಮನೆ ನಿಮ್ಮದು. ಘಟ್ಟದ ಅಂಚು ಬಾನೆಟ್ ಆಚೆ ಕಾಣಬೇಕು. ಅಡಿಕೆ ಚೀಲ ಹಾಕುವವರಿಗೆ ಹಿಂದಿನ ಸೀಟು 60:40 ಮಡಚಿದರೆ ಒಬ್ಬರು ಕೂತು, ಪಕ್ಕದಲ್ಲೇ ಚೀಲ ಇಡಬಹುದು.

ಸ್ಕ್ರೀನ್, ಸ್ಪೀಕರ್, ಹಿಂದಿನ ಕ್ಯಾಮೆರಾ ಇವೆಲ್ಲ ಹೊರಗೆ ಸಿಗುತ್ತವೆ. 360 ಕ್ಯಾಮೆರಾ ತೋಟದ ಇಕ್ಕಟ್ಟು ದಾರಿಯಲ್ಲಿ ಉಪಯೋಗವೇ, ಆದರೆ 2.3 ಲಕ್ಷದಷ್ಟಲ್ಲ. ಎಡಿಎಎಸ್ (ಕ್ಯಾಮೆರಾ, ರಾಡಾರ್ ನೋಡಿ ಚಾಲಕರಿಗೆ ನೆರವಾಗುವ ವ್ಯವಸ್ಥೆ) ಇರುವ ಕಾರುಗಳಲ್ಲಿ ಲೇನ್ ಹಿಡಿಯುವ ವ್ಯವಸ್ಥೆಗೆ ರಸ್ತೆಯ ಬಿಳಿ ಗೆರೆ ಬೇಕು. ಘಟ್ಟದಲ್ಲಿ ಗೆರೆ ಇದ್ದರೂ ಮಣ್ಣಿನಡಿ ಇರುತ್ತದೆ, ಭಾರೀ ಮಳೆಗೆ ಕ್ಯಾಮೆರಾ ಕುರುಡಾಗುತ್ತದೆ. ಮುಂದಿನ ಗಾಜು ಬದಲಿಸಿದಾಗ ಆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕಾದ ಖರ್ಚೂ ಇದೆ. ಗಾಳಿ ಬೀಸುವ ಸೀಟು ಕರಾವಳಿಯ ಬೆವರಿಗೆ ನಿಜವಾಗಿ ಹಿತ. ಅದು ಮಿಡ್‌ನಲ್ಲೇ ಬಂದರೆ ಸಂತೋಷ, ಅದಕ್ಕಾಗಿ ಮೇಲೇರಬೇಡಿ.

ಮಿಡ್‌ನಲ್ಲಿ ಉಳಿದ ದುಡ್ಡಿನ ಒಂದು ಪಾಲನ್ನು ವಿಮೆಗೆ ಹಾಕಿ. ಸಾಧಾರಣ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಅರ್ಧ ಬೆಲೆ ನಿಮ್ಮ ಮೇಲೆ ಬೀಳುತ್ತದೆ. ಇಂದಿನ ಬಂಪರುಗಳೆಲ್ಲ ಪ್ಲಾಸ್ಟಿಕ್ಕೇ. ಝೀರೊ ಡೆಪ್ ಸೇರಿಸಿದರೆ ಆ ಹೊರೆ ಇಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಸೇರ್ಪಡೆ ನಮ್ಮ ಜಿಲ್ಲೆಯಲ್ಲಿ ಬಿಡಬಾರದ್ದು. ನಿಂತ ನೀರಿನಲ್ಲಿ ಎಂಜಿನ್ ಆರಿ, ಮತ್ತೆ ಸ್ಟಾರ್ಟ್ ಮಾಡಿದಾಗ ಸಿಲಿಂಡರಿಗೆ ನೀರು ನುಗ್ಗಿ ಕನೆಕ್ಟಿಂಗ್ ರಾಡ್ ಬಗ್ಗಿದರೆ ಸಾಧಾರಣ ಪಾಲಿಸಿ ಅದನ್ನು ಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಇದ್ದರೂ ನೀರಿನಲ್ಲಿ ಆರಿದ ಎಂಜಿನ್ ಸ್ಟಾರ್ಟ್ ಮಾಡಬೇಡಿ. ತಳ್ಳಿ ಹೊರತಂದು ಟೋವಿಂಗಿಗೆ ಹೇಳಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ, ಒಂದು ವರ್ಷದ ಸ್ವಂತ ಹಾನಿಯ ವಿಮೆ ಒಟ್ಟಿಗೆ ಬರುತ್ತದೆ. ಡೀಲರಿನ ಬಳಿಯೇ ಮಾಡಿಸಬೇಕೆಂಬ ನಿಯಮ ಇಲ್ಲ. ಅದೇ ಸೇರ್ಪಡೆಗಳು, ಅದೇ ಐಡಿವಿ (ವಿಮೆಯಲ್ಲಿ ಕಾರಿಗೆ ನಮೂದಿಸುವ ಬೆಲೆ) ಇಟ್ಟು ಹೊರಗಿನ ಇನ್ನೆರಡು ಕಂಪನಿಗಳಿಂದ ಬೆಲೆ ಪಡೆದು ತೋರಿಸಿ, ಡೀಲರ್ ಬಹುಪಾಲು ಇಳಿಸುತ್ತಾರೆ. ಕೊಟೇಶನ್ನಿನಲ್ಲಿ "ಎಸೆನ್ಷಿಯಲ್ ಕಿಟ್", "ಹ್ಯಾಂಡ್ಲಿಂಗ್ ಚಾರ್ಜ್" ಎಂಬ ಸಾಲುಗಳಿದ್ದರೆ ಅವು ಕಡ್ಡಾಯವೇ ಎಂದು ಬರಹದಲ್ಲಿ ಕೇಳಿ.

ಬುಕಿಂಗ್ ಫಾರ್ಮಿನಲ್ಲಿ ಮಾಡೆಲ್ ಹೆಸರಷ್ಟೇ ಬೇಡ. ವೇರಿಯಂಟ್, ಎಂಜಿನ್, ಗೇರ್, ಬಣ್ಣ ನಾಲ್ಕೂ ಬರೆಸಿ, ಆ ತಿಂಗಳ ಬ್ರೋಷರ್ ಒಂದು ಇಟ್ಟುಕೊಳ್ಳಿ. ಕಂಪನಿಗಳು ವರ್ಷದ ನಡುವೆ ಒಂದು ಸೌಲಭ್ಯ ತೆಗೆದು ಇನ್ನೊಂದು ಸೇರಿಸುವುದುಂಟು. ಕಾರು ನೋಂದಣಿಗೆ ಹೋಗುವ ಮೊದಲು, ಹಗಲಿನಲ್ಲಿ, ಸ್ಟಾಕ್‌ಯಾರ್ಡಿನಲ್ಲೇ ನೋಡಿ. ನೋಂದಣಿ ಆದ ಮೇಲೆ ಬದಲಿಸಿಕೊಡಿ ಎನ್ನಲು ಬಲ ಇರುವುದಿಲ್ಲ. ಹಿಂದಿನ ವೈಪರ್ ಹಾಕಿ ನೀರು ಚಿಮ್ಮಿಸಿ. ಇಗ್ನಿಷನ್ ಆನ್ ಮಾಡಿದಾಗ ಇಎಸ್‌ಸಿ ದೀಪ ಹೊತ್ತಿ ಆರುತ್ತದೆಯೇ ನೋಡಿ. ಹೊತ್ತದೇ ಇದ್ದರೆ ಆ ವೇರಿಯಂಟಿನಲ್ಲಿ ಅದು ಇಲ್ಲವೆಂದೇ ಅರ್ಥ. ಕಾರ್ಪೆಟ್ಟಿನ ಅಂಚು ಎತ್ತಿ ಕೈಯಿಟ್ಟು ತೇವ ಇದೆಯೇ ಮುಟ್ಟಿ ನೋಡಿ, ಮಳೆಯಲ್ಲಿ ನಿಂತ ಕಾರಾಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಐದೂ ಟೈರಿನ ಮೇಲಿನ ನಾಲ್ಕಂಕಿಯ ಗುರುತು ಓದಿ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಕಾರು ತಯಾರಾದ ತಿಂಗಳು, ವರ್ಷ ಫಾರ್ಮ್ 22ರಲ್ಲಿ ಇರುತ್ತದೆ. ಆರು ತಿಂಗಳಿಗಿಂತ ಹಳೆಯ ಕಾರನ್ನು ರಿಯಾಯಿತಿ ಇಲ್ಲದೆ ಒಪ್ಪಿಕೊಳ್ಳಬೇಡಿ, ಹೋದ ವರ್ಷದ್ದಾದರೆ ರಿಯಾಯಿತಿ ಇನ್ನೂ ದೊಡ್ಡದಿರಬೇಕು.